ಗಲ್ಲಾಪೆಟ್ಟಿಗೆಯ ಲೆಕ್ಕ, ಶಾಲೆಯ ಲೆಕ್ಕ

ವಿಜಯವಾಡದ ಪಟಮಟದಲ್ಲಿ ನೆಲೆಸಿರುವ ನಮ್ಮ ಬಂಧುಗಳೊಬ್ಬರ ಮನೆಗೆ ಈಚೆಗೆ ಒಂದು ಮಧ್ಯಾಹ್ನ ಹೋಗುವ ಸಂದರ್ಭ ನಮಗೆ ಒದಗಿತ್ತು. ದಕ್ಷಿಣ ಕನ್ನಡದ ಕಡೆಯವರಾದ ಅವರು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮರುವರ್ಷವೇ ಈ ಊರಿಗೆ ಬಂದು, ಉಡುಪಿ ಮಾದರಿಯ ಹೋಟೆಲೊಂದರಲ್ಲಿ ಮೂವತ್ತು ವರ್ಷಗಳಿಂದ ಸಪ್ಲಾಯರ್ ಆಗಿ ದುಡಿಯುತ್ತಿರುವವರು. ಏಳನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗಳು ಚಾಪೆಯ ಮೇಲೆ ಪುಸ್ತಕ ಹರಡಿಕೊಂಡು ದಶಮಾಂಶ ಗುಣಾಕಾರದ ಲೆಕ್ಕಗಳನ್ನು ಮಾಡುತ್ತಿದ್ದಳು. ೦.೭೫ ಅನ್ನು ೧೨ರಿಂದ ಗುಣಿಸಬೇಕಾಗಿತ್ತು. ಬಾಲಿಕೆ ಪದ್ಧತಿಯಂತೆ ಸಾಲು ಸಾಲಾಗಿ ಬರೆದು, ಕೂಡಿಸಿ, ಚುಕ್ಕಿಯನ್ನು ಮಾತ್ರ ಒಂದು ಸ್ಥಾನ ತಪ್ಪಿಸಿ ಇಟ್ಟು, ೯೦ ಎಂದು ಉತ್ತರ ಬರೆದು ಮುಂದಿನ ಲೆಕ್ಕಕ್ಕೆ ಹೋದಳು. ಮುಕ್ಕಾಲನ್ನು ಹನ್ನೆರಡು ಸಲ ಕೂಡಿಸಿದರೆ ತೊಂಬತ್ತಾಗುವುದು ಹೇಗೆಂಬ ಸಂಶಯ ಆಕೆಗೆ ಸುಳಿಯಲೇ ಇಲ್ಲ. ನಾವು ತಂದೆಯ ಕಡೆಗೆ ನೋಡಿ, “ನೀವೇ ಸ್ವಲ್ಪ ಹೇಳಿಕೊಡಬಾರದೇ?” ಎಂದೆವು. ಅವರು ನಗುತ್ತ, “ನಮಗೆಲ್ಲಿಯ ಲೆಕ್ಕ ಮಾರಾಯ್ರೇ! ನಾನು ಗಣಿತದಲ್ಲಿಯೇ ಬಿದ್ದವನಲ್ಲವೇ” ಎಂದುಬಿಟ್ಟರು.

ಅಂದು ಸಂಜೆ ಅದೇ ಮಹನೀಯರು ಕೆಲಸ ಮಾಡುವ ಹೋಟೆಲಿನಲ್ಲಿ ನಾವು ಕಾಫಿಗೆ ಕುಳಿತಿದ್ದೆವು. ಪಕ್ಕದ ಮೇಜಿನಲ್ಲಿ ಒಂದು ಸಂಸಾರ: ನಲವತ್ತು ರೂಪಾಯಿಯಂತೆ ನಾಲ್ಕು ಪ್ಲೇಟು ಇಡ್ಲಿ, ಎಪ್ಪತ್ತೈದರಂತೆ ಮೂರು ಮಸಾಲೆ ದೋಸೆ, ನಲವತ್ತೈದರಂತೆ ಎರಡು ವಡೆ, ಇಪ್ಪತ್ತೈದರಂತೆ ಆರು ಕಾಫಿ. ಬಿಲ್ಲಿನ ಯಂತ್ರ ಆಗ ಕೈಕೊಟ್ಟಿತ್ತು. ನಮ್ಮ ಬಂಧುಗಳು ಮೇಜನ್ನೊಮ್ಮೆ ನೋಡಿ, ಕಾಗದ ಮುಟ್ಟದೆ, “ಆರುನೂರ ಇಪ್ಪತ್ತೈದು” ಎಂದು ಗಲ್ಲಾಪೆಟ್ಟಿಗೆಯ ಕಡೆಗೆ ಕೂಗಿದರು. ಕೂಡಿಸಿ ನೋಡಿರಿ, ಒಂದು ರೂಪಾಯಿಯೂ ತಪ್ಪಿಲ್ಲ. ಹೇಗೆ ಮಾಡಿದಿರೆಂದು ಕೇಳಲು, ಮೂರು ದೋಸೆಯೆಂದರೆ ಮುನ್ನೂರಕ್ಕೆ ಎಪ್ಪತ್ತೈದು ಕಡಿಮೆ, ನಾಲ್ಕು ಕಾಫಿಗೆ ನೂರು, ಉಳಿದೆರಡಕ್ಕೆ ಐವತ್ತು ಎಂದು ವಿವರಿಸಿದರು. ಮುಕ್ಕಾಲು ಹನ್ನೆರಡು ಎಷ್ಟೆಂದು ಕೇಳಿದೆವು. “ಒಂಬತ್ತು” ಎಂಬ ಉತ್ತರ ನಮ್ಮ ಪ್ರಶ್ನೆ ಮುಗಿಯುವ ಮೊದಲೇ ಬಂದಿತು.

ಗಣಿತದಲ್ಲಿ ಬಿದ್ದವನೆಂದು ತನ್ನನ್ನು ತಾನೇ ಕರೆದುಕೊಳ್ಳುವ ಈ ತಂದೆಗೆ ಮಗಳ ತಪ್ಪು ಒಂದು ಕ್ಷಣದಲ್ಲಿ ಕಾಣುತ್ತಿತ್ತು. ಆದರೆ ಅವರು ಪುಸ್ತಕದ ಕಡೆಗೆ ಕಣ್ಣು ಹಾಯಿಸಲಿಲ್ಲ. ಅಲ್ಲಿರುವುದು ತನಗೆ ಸಂಬಂಧಿಸಿದ ವಿದ್ಯೆಯಲ್ಲವೆಂದು ಅವರು ಎಂದೋ ತೀರ್ಮಾನಿಸಿಕೊಂಡಿದ್ದಾರೆ. ಮಗಳೂ ಹಾಗೆಯೇ ತಿಳಿಯುತ್ತಿದ್ದಾಳೆ. ಒಂದೇ ಮನೆಯ ಒಂದೇ ಕೋಣೆಯಲ್ಲಿ ಎರಡು ಗಣಿತಗಳು ಪರಸ್ಪರ ಮಾತನಾಡದೆ ವಾಸಿಸುತ್ತಿವೆ. ಇದು ಆ ಒಂದು ಮನೆಯ ಸಂಗತಿ ಮಾತ್ರವಾಗಿದ್ದರೆ ನಾವು ಈ ಅಂಕಣವನ್ನು ವ್ಯಯಿಸುತ್ತಿರಲಿಲ್ಲ.

ಪ್ರಪಂಚದ ಬೇರೆ ಕಡೆಗಳಲ್ಲಿ ಈ ವಿಷಯವನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಬ್ರೆಜಿಲ್ ದೇಶದ ರೆಸಿಫೆ ಎಂಬ ನಗರದಲ್ಲಿ ಬೀದಿಯಲ್ಲಿ ಮಾರಾಟ ಮಾಡುತ್ತಿದ್ದ ಐವರು ಮಕ್ಕಳನ್ನು ಸಂಶೋಧಕರು ಗಿರಾಕಿಗಳಂತೆ ಮಾತನಾಡಿಸಿ, ಬಳಿಕ ಅವವೇ ಅಂಕಿಗಳನ್ನು ಕಾಗದದ ಮೇಲೆ ಶಾಲೆಯ ಲೆಕ್ಕವಾಗಿ ಕೊಟ್ಟರು. ೧೯೮೫ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬೀದಿಯಲ್ಲಿ ನೂರಕ್ಕೆ ತೊಂಬತ್ತೆಂಟು ಉತ್ತರಗಳು ಸರಿಯಾಗಿದ್ದರೆ, ಬರಿಯ ಅಂಕಿಗಳ ಲೆಕ್ಕದಲ್ಲಿ ಸರಿಯಾದವು ನೂರಕ್ಕೆ ಮೂವತ್ತೇಳು ಮಾತ್ರ. ಮೂವತ್ತೈದರಂತೆ ಹತ್ತು ತೆಂಗಿನಕಾಯಿಗೆ ಎಷ್ಟೆಂದು ಕೇಳಿದಾಗ ಒಬ್ಬ ಬಾಲಕ ಮೂರಕ್ಕೆ ನೂರೈದು, ಇನ್ನು ಮೂರು ಸೇರಿ ಇನ್ನೂರಹತ್ತು, ಮತ್ತೆ ಮೂರಕ್ಕೆ ಮುನ್ನೂರಹದಿನೈದು, ಇನ್ನೊಂದು ಸೇರಿ ಮುನ್ನೂರೈವತ್ತು ಎಂದು ಲೆಕ್ಕ ಹಾಕಿದನಂತೆ. ಹತ್ತರಿಂದ ಗುಣಿಸಲು ಸೊನ್ನೆ ಸೇರಿಸಿದರೆ ಸಾಕೆಂಬ ಶಾಲೆಯ ಪಾಠ ಅವನ ಹತ್ತಿರ ಸುಳಿದಿರಲಿಲ್ಲ; ಆದರೂ ಲೆಕ್ಕ ತಪ್ಪಲಿಲ್ಲ. ನಮ್ಮ ಸಪ್ಲಾಯರ್ ಬಂಧುಗಳಿಗೆ ಇವನ ರೀತಿ ಅಪರಿಚಿತವೆನಿಸಲಾರದು.

ನಮ್ಮ ದೇಶದಲ್ಲಿಯೂ ಇದನ್ನು ನೋಡಿದ್ದಾಗಿದೆ. ಕಲ್ಕತ್ತೆ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರಕ್ಕೆ ನಿಂತ ಮಕ್ಕಳನ್ನೂ ಶಾಲೆಯಲ್ಲಿ ಮಾತ್ರ ಕಲಿತ ಮಕ್ಕಳನ್ನೂ ಪರೀಕ್ಷಿಸಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದ ವಿದ್ವಾಂಸರು ೨೦೨೫ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಮಾರುಕಟ್ಟೆಯ ಮಕ್ಕಳು ತೊಡಕಿನ ವ್ಯಾಪಾರದ ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡಿ, ಪುಸ್ತಕದ ಸರಳ ಭಾಗಾಕಾರದಲ್ಲಿ ಎಡವಿದರು. ಶಾಲೆಯ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ಗೆದ್ದು ಚಿಲ್ಲರೆಯ ಲೆಕ್ಕದಲ್ಲಿ ಸೋತರು. ಈ ಎರಡನೆಯ ಭಾಗವೇ ನಮ್ಮವರು ವಿಶೇಷವಾಗಿ ಗಮನಿಸಬೇಕಾದುದು. ಶಾಲೆಗೆ ಹಣ ಕಟ್ಟಿದೊಡನೆ ಮಗುವಿಗೆ ಲೆಕ್ಕ ಬಂದಿತೆಂದು ಭಾವಿಸುವುದು ಭ್ರಮೆ. ಎರಡು ದಡಗಳ ನಡುವೆ ಸೇತುವೆ ತಾನಾಗಿಯೇ ಏಳುವುದಿಲ್ಲ, ಯಾರಾದರೂ ಕಟ್ಟಬೇಕು.

ಕಟ್ಟಬಲ್ಲವರು ಯಾರು? ಹೋಟೆಲಿನ ಲೆಕ್ಕ ಬಲ್ಲ ತಂದೆ, ಲೆಡ್ಜರಿನ ಲೆಕ್ಕ ಬಲ್ಲ ಗುಮಾಸ್ತ ಚಿಕ್ಕಪ್ಪ, ಇವರೇ ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ಇದಕ್ಕೆ ಕಾಲವೂ ಹೆಚ್ಚು ಉಳಿದಿಲ್ಲ. ಬಿಲ್ಲಿನ ಯಂತ್ರ ಎಲ್ಲ ಕಡೆ ಬಂದಿದೆ. ೨೦೧೬ರಲ್ಲಿ ಯುಪಿಐ ಬಂದಮೇಲೆ ಚಿಲ್ಲರೆ ಎಣಿಸಿ ಕೊಡುವ ಕೆಲಸವೇ ದಿನದಿಂದ ದಿನಕ್ಕೆ ಇಳಿಯುತ್ತಿದೆ. ಬಾಯಿಲೆಕ್ಕದ ಮೇಲೆ ಸಂಸಾರ ನಡೆಸಿದ ಸಪ್ಲಾಯರುಗಳಲ್ಲಿ ಈಗ ಕೆಲಸದಲ್ಲಿರುವವರ ತಲೆಮಾರೇ ಬಹುಶಃ ಕೊನೆಯದು. ಅವರು ನಿವೃತ್ತರಾಗಿ ಊರಿಗೆ ಮರಳುವಾಗ ಆ ವಿದ್ಯೆಯನ್ನೂ ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋದರೆ, ಹಿಂದೆ ಉಳಿಯುವ ಮಕ್ಕಳ ಕೈಯಲ್ಲಿ ಏನಿರುತ್ತದೆ?

ಇಲ್ಲಿ ಒಂದು ಅಪಾರ್ಥಕ್ಕೆ ಎಡೆಯಾಗಬಾರದು. ಮಕ್ಕಳನ್ನು ಹೋಟೆಲಿನ ದುಡಿಮೆಗೆ ಹಚ್ಚಿ ಲೆಕ್ಕ ಕಲಿಸಿರೆಂದು ನಾವು ಹೇಳುತ್ತಿಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಹಲ್ಲು ಬಿದ್ದು ಹುಟ್ಟುವ ವಯಸ್ಸಿನಲ್ಲಿ ಮಾಣಿಗಳಾಗಿ ಬಂದು ಲೋಟ ತೊಳೆದವರು. ಆ ಕಾಲವನ್ನು ಹೊಗಳುವ ಮನಸ್ಸು ನಮಗಿಲ್ಲ. ಹದಿನಾಲ್ಕು ತುಂಬದವರನ್ನು ಹೋಟೆಲುಗಳಲ್ಲಿಯೂ ಚಹದಂಗಡಿಗಳಲ್ಲಿಯೂ ದುಡಿಸುವುದು ೨೦೦೬ರ ಅಕ್ಟೋಬರ್ ೧೦ರಿಂದ ನಿಷಿದ್ಧವಾದುದು ನ್ಯಾಯವೇ ಸರಿ. ಹೋಟೆಲಿನ ಲೆಕ್ಕ ಮನೆಗೆ ಬರಲಿ ಎಂಬುದಷ್ಟೇ ನಮ್ಮ ಕೋರಿಕೆ.

ವಿಜಯವಾಡದಲ್ಲಿ ನೆಲೆಸಿರುವವರಿಗೆ ಈ ಮಾತು ಇನ್ನಷ್ಟು ಅವಶ್ಯವಾಗಿದೆ. ಪ್ರವೇಶ ಪರೀಕ್ಷೆಗಳಿಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವ ಕೋಚಿಂಗ್ ಕಾಲೇಜುಗಳಿಗೆ ಹೆಸರಾದ ಊರು ಇದು. ರ‍್ಯಾಂಕು ಪಡೆದವರ ಭಾವಚಿತ್ರಗಳು ಬಂದರು ರಸ್ತೆಯ ಉದ್ದಕ್ಕೂ ಕಾಣುತ್ತವೆ. ಅವನ್ನು ನೋಡಿದ ತಂದೆ, ತಿಂಗಳ ಸಂಬಳದಲ್ಲಿ ಅರ್ಧವನ್ನೇ ತೆತ್ತಾದರೂ ಮಗನನ್ನು ಆರನೆಯ ತರಗತಿಯಿಂದಲೇ ಅಂಥ ಕಡೆ ಸೇರಿಸಬೇಕೆಂದು ಹಂಬಲಿಸುವುದು ಸಹಜ. ನಾವು ಆ ಹಂಬಲವನ್ನು ಹಳಿಯುವವರಲ್ಲ. ಇಂಜಿನಿಯರಾದ ಮಗನ ಸಂಬಳದಿಂದ ಊರಿನ ಸಾಲ ತೀರಿಸಿದ ಮನೆಗಳನ್ನು ನಾವೂ ಕಂಡಿದ್ದೇವೆ. ಆದರೆ ಅಲ್ಲಿ ನಡೆಯತಕ್ಕದ್ದು ಬಹುಮಟ್ಟಿಗೆ ಕಂಡ ಲೆಕ್ಕವನ್ನು ವೇಗವಾಗಿ ಮಾಡುವ ಅಭ್ಯಾಸ. ಕಾಣದ ಲೆಕ್ಕ ಎದುರಾದಾಗ ಮಗು ಏನು ಮಾಡಬೇಕು? ನಮಗೆ ಪರಿಚಿತನಾದ ಒಬ್ಬ ಹುಡುಗ, ಒಂಬತ್ತನೆಯ ತರಗತಿಯವನು, ಸೂತ್ರಗಳನ್ನು ನೀರು ಕುಡಿದಂತೆ ಹೇಳುವವನು, ನಾವು ಕೊಟ್ಟ ಒಂದು ಸಣ್ಣ ಸಮಸ್ಯೆಯನ್ನು ಅರ್ಧ ನಿಮಿಷ ನೋಡಿ, “ಇದು ಸಿಲೆಬಸ್ಸಿನಲ್ಲಿಲ್ಲ” ಎಂದು ಹಿಂದಿರುಗಿಸಿದ. ತಪ್ಪು ಮಾಡಿ ನೋಡುವ ಧೈರ್ಯವೇ ಅವನಲ್ಲಿ ಉಳಿದಿರಲಿಲ್ಲ. ತಪ್ಪಿಗೆ ಅಂಕ ಕಳೆಯುವ ಪರೀಕ್ಷೆಗಳ ನಡುವೆ ಬೆಳೆದವನಿಗೆ ಧೈರ್ಯ ಬರುವುದಾದರೂ ಎಲ್ಲಿಂದ?

ಅವನಿಗೆ ಕೊಟ್ಟ ಸಮಸ್ಯೆ ಇದು: ಕಾವಲಿಯ ಮೇಲೆ ಏಕಕಾಲಕ್ಕೆ ಎರಡೇ ಚಪಾತಿ ಹಿಡಿಯುತ್ತದೆ. ಒಂದೊಂದು ಮಗ್ಗುಲು ಬೇಯಲು ಒಂದೊಂದು ನಿಮಿಷ ಬೇಕು. ಮೂರು ಚಪಾತಿಗಳನ್ನು ಎರಡೂ ಮಗ್ಗುಲು ಬೇಯಿಸಲು ಕನಿಷ್ಠ ಎಷ್ಟು ನಿಮಿಷ ಬೇಕು? ಎರಡನ್ನು ಮೊದಲು ಮುಗಿಸಿ, ಮೂರನೆಯದನ್ನು ಆಮೇಲೆ ಹಾಕಿದರೆ ನಾಲ್ಕು ನಿಮಿಷ. ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಇಲ್ಲಿಗೆ ನಿಲ್ಲುತ್ತಾರೆ. ಅಡುಗೆಯ ಭಟ್ಟರು ಹಾಗೆ ನಿಲ್ಲುವುದಿಲ್ಲ. ಕಾವಲಿಯ ಅರ್ಧ ಭಾಗ ಬರಿದಾಗಿರುವುದನ್ನು ಅವರ ಕಣ್ಣು ಸಹಿಸದು. ಒಂದು ನಿಮಿಷ ಕಳೆಯಲು ಮೊದಲನೆಯದನ್ನು ತಿರುವಿ ಹಾಕಿ, ಎರಡನೆಯದನ್ನು ಅರ್ಧ ಬೆಂದಂತೆಯೇ ಪಕ್ಕಕ್ಕೆ ತೆಗೆದು, ಆ ಜಾಗದಲ್ಲಿ ಮೂರನೆಯದನ್ನು ಹಾಕುತ್ತಾರೆ. ಎರಡನೆಯ ನಿಮಿಷದ ಕೊನೆಗೆ ಮೊದಲನೆಯದು ಸಿದ್ಧ. ಮೂರನೆಯ ನಿಮಿಷದಲ್ಲಿ ಉಳಿದೆರಡರ ಉಳಿದ ಮಗ್ಗುಲುಗಳು. ಒಟ್ಟು ಮೂರೇ ನಿಮಿಷ. ಇದಕ್ಕಿಂತ ಬೇಗ ಏಕೆ ಸಾಧ್ಯವಿಲ್ಲ? ಮೂರು ಚಪಾತಿಗೆ ಆರು ಮಗ್ಗುಲು, ನಿಮಿಷಕ್ಕೆ ಎರಡರಂತೆ ಆರಕ್ಕೆ ಮೂರು ನಿಮಿಷ ಬೇಕೇ ಬೇಕು. ಮಾಡಿ ತೋರಿಸುವುದು ಒಂದು ಭಾಗ, ಇನ್ನು ಕಡಿಮೆ ಆಗದೆಂದು ಕಾರಣ ಕೊಡುವುದು ಇನ್ನೊಂದು ಭಾಗ. ಗಣಿತವೆಂದರೆ ಈ ಎರಡನೆಯ ಭಾಗವೂ ಹೌದೆಂದು ಮಗುವಿಗೆ ತೋರಿಸಿಕೊಡುವುದಕ್ಕೆ ಒಲೆಯ ಮುಂದಿಗಿಂತ ಒಳ್ಳೆಯ ಸ್ಥಳ ನಮಗೆ ತೋರದು.

ಗುಮಾಸ್ತ ಬಂಧುಗಳ ಬಳಿಯೂ ಇಂಥ ಸೊತ್ತು ಇದೆ. ಜಮೆ ಮತ್ತು ಖರ್ಚು ತಾಳೆಯಾಗದೆ, ವ್ಯತ್ಯಾಸದ ಮೊತ್ತ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, ಎಲ್ಲಿಯೋ ಅಂಕಿ ಹಿಂದುಮುಂದಾಗಿದೆಯೆಂದು ಅನುಭವಸ್ಥ ಲೆಕ್ಕಿಗನು ಕೂಡಲೇ ಊಹಿಸುತ್ತಾನೆ. ೬೩ರ ಬದಲು ೩೬ ಬರೆದರೆ ವ್ಯತ್ಯಾಸ ೨೭. ೫೪೦ರ ಬದಲು ೪೫೦ ಬರೆದರೆ ೯೦. ಇದೇಕೆ ಹೀಗೆ? ಹತ್ತರ ಸ್ಥಾನದಿಂದ ಒಂದರ ಸ್ಥಾನಕ್ಕೆ ಇಳಿದ ಅಂಕಿ ತನ್ನ ಒಂಬತ್ತು ಪಟ್ಟನ್ನು ಕಳೆದುಕೊಳ್ಳುತ್ತದೆ. ಏರಿದ ಅಂಕಿ ತನ್ನ ಒಂಬತ್ತು ಪಟ್ಟನ್ನು ಗಳಿಸುತ್ತದೆ. ಆದುದರಿಂದ ಅಂಕಿಗಳು ಹೇಗೆ ಸ್ಥಳ ಬದಲಿಸಿದರೂ ವ್ಯತ್ಯಾಸ ಒಂಬತ್ತರ ಗುಣಕವೇ ಆಗಬೇಕು. ನಾವು ವಿಚಾರಿಸಿದ ಗುಮಾಸ್ತರಲ್ಲಿ ಈ ಉಪಾಯವನ್ನು ಬಳಸುವವರು ಅನೇಕರು. ಕಾರಣ ಹೇಳಬಲ್ಲವರು ಕೆಲವರು. ಅದನ್ನು ಮಕ್ಕಳಿಗೆ ತಿಳಿಸಿದವರು ಒಬ್ಬರೂ ಇಲ್ಲ.

ಇದರ ಮುಂದಿನ ಮೆಟ್ಟಿಲನ್ನು ನಾಸಿಕದ ಬಳಿಯ ದೇವಳಾಲಿಯ ಒಬ್ಬ ಶಾಲಾ ಉಪಾಧ್ಯಾಯರು ನಮಗೆ ಕೊಟ್ಟುಹೋಗಿದ್ದಾರೆ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರೆಂದು ಅವರ ಹೆಸರು. ೧೯೦೫ರಲ್ಲಿ ಹುಟ್ಟಿ ೧೯೮೬ರಲ್ಲಿ ತೀರಿಕೊಂಡ ಅವರು ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆಗಿರಲಿಲ್ಲ. ಅಂಕಿಗಳೊಡನೆ ಆಟವಾಡುತ್ತಲೇ ಅವರು ೧೯೪೯ರಲ್ಲಿ ಕಂಡುಹಿಡಿದದ್ದು ಇದು: ನಾಲ್ಕು ಅಂಕಿಗಳ ಯಾವುದಾದರೊಂದು ಸಂಖ್ಯೆಯನ್ನು ತೆಗೆದುಕೊಳ್ಳಿರಿ, ನಾಲ್ಕೂ ಒಂದೇ ಅಂಕಿಯಾಗಿರಬಾರದು. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆಯ ಕ್ರಮದ ಜೋಡಣೆಯನ್ನು ಕಳೆಯಿರಿ. ಬಂದ ಶೇಷಕ್ಕೂ ಹಾಗೆಯೇ ಮಾಡುತ್ತ ಹೋಗಿರಿ. ನಮ್ಮ ಕೃಷ್ಣಾ ನದಿಯ ಪ್ರಕಾಶಂ ಬ್ಯಾರೇಜು ಸಂಚಾರಕ್ಕೆ ತೆರೆದ ೧೯೫೭ನೆಯ ಇಸವಿಯನ್ನೇ ತೆಗೆದುಕೊಳ್ಳೋಣ. ೯೭೫೧ರಲ್ಲಿ ೧೫೭೯ ಕಳೆದರೆ ೮೧೭೨. ೮೭೨೧ರಲ್ಲಿ ೧೨೭೮ ಕಳೆದರೆ ೭೪೪೩. ಅಲ್ಲಿಂದ ೩೯೯೬, ಬಳಿಕ ೬೨೬೪, ಬಳಿಕ ೪೧೭೬, ಆರನೆಯ ಸಲಕ್ಕೆ ೬೧೭೪. ಇನ್ನು ಎಷ್ಟು ಸಲ ಮಾಡಿದರೂ ೬೧೭೪ ಬಿಟ್ಟು ಬೇರೇನೂ ಬಾರದು. ಎಲ್ಲಿಂದ ಹೊರಟರೂ ಏಳು ಸಲದೊಳಗೆ ಅದೇ ನಿಲ್ದಾಣ. ಪಟಮಟದ ಮಕ್ಕಳು ಆಟೋನಗರದ ಲಾರಿಗಳ ನಂಬರುಗಳನ್ನೆಲ್ಲ ಹೀಗೆ ಪರೀಕ್ಷಿಸುತ್ತ ಕುಳಿತರೆ ವ್ಯವಕಲನದ ಅಭ್ಯಾಸ ಹೇಳದೆಯೇ ನೂರು ಸಲ ಆಗಿಹೋಗುತ್ತದೆ. ನಡುವೆ ಬಂದ ಶೇಷಗಳೆಲ್ಲ ಒಂಬತ್ತರಿಂದ ಭಾಗವಾಗುವುದನ್ನು ಯಾರಾದರೊಬ್ಬ ಹುಡುಗಿ ಕಂಡುಹಿಡಿದಳೆಂದರೆ, ಗುಮಾಸ್ತ ಚಿಕ್ಕಪ್ಪನ ಲೆಡ್ಜರಿನ ಗುಟ್ಟು ಆಕೆಯ ಕೈಸೇರಿತೆಂದೇ ಅರ್ಥ.

ಕನ್ನಡಿಗರಾದ ನಮಗೆ ಆಂಧ್ರದ ನೆಲದಲ್ಲಿ ಗಣಿತದ ಮಾತು ಹೊಸದೂ ಅಲ್ಲ, ಎರವಲೂ ಅಲ್ಲ. ಕ್ರಿ. ಶ. ಒಂಬತ್ತನೆಯ ಶತಮಾನದಲ್ಲಿ, ಮಾನ್ಯಖೇಟವನ್ನು ರಾಜಧಾನಿಯಾಗಿ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನಾಚಾರ್ಯ ಮಹಾವೀರನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಹನ್ನೊಂದನೆಯ ಶತಮಾನದವನೆಂದು ಎಣಿಸಲ್ಪಡುವ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಮಳಖೇಡದ ಲೆಕ್ಕ ಹೀಗೆ ಕೃಷ್ಣಾ ಗೋದಾವರಿಗಳ ಸೀಮೆಗೆ ಬಂದು ಸಾವಿರ ವರ್ಷಗಳೇ ಸಮೀಪಿಸಿವೆ. ನಮ್ಮ ಇಡ್ಲಿ ದೋಸೆಗಳು ಬಂದದ್ದು ಬಹಳ ಈಚೆಗೆ. ಗಣಿತವು ಯಾವ ಯಾವ ವಿದ್ಯೆಗಳಿಗೆ ಬೇಕೆಂದು ಗ್ರಂಥದ ಆರಂಭದಲ್ಲಿ ಎಣಿಸುವಾಗ ಮಹಾವೀರನು ಸಂಗೀತ, ನಾಟಕ, ವೈದ್ಯ, ವಾಸ್ತು ಮೊದಲಾದವುಗಳ ಸಾಲಿನಲ್ಲಿ ಸೂಪಶಾಸ್ತ್ರವನ್ನೂ, ಎಂದರೆ ಅಡುಗೆಯ ಶಾಸ್ತ್ರವನ್ನೂ ಕೂಡಿಸಿದ್ದಾನೆ. ಅಡುಗೆಯವನಿಗೆ ಗಣಿತವೇಕೆಂದು ಮೂಗು ಮುರಿಯುವವರಿಗೆ ಇಷ್ಟು ಪ್ರಾಚೀನವಾದ ಉತ್ತರ ಸಾಕು.

ಇದೇ ಗ್ರಂಥದಲ್ಲಿ ಕಂಠಾಭರಣಗಳೆಂದು ಕರೆಯಲ್ಪಟ್ಟ ಗುಣಾಕಾರಗಳಿವೆ. ಉತ್ತರವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಹಾರದ ಮಣಿಗಳಂತೆ ಒಂದೇ ಆಗಿರುತ್ತದೆ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧. ಹನ್ನೊಂದು ನೂರು ವರ್ಷಗಳ ಹಿಂದೆಯೇ ನಮ್ಮ ನಾಡಿನ ಗಣಿತಜ್ಞನೊಬ್ಬನು ಲೆಕ್ಕದಲ್ಲಿ ಅಲಂಕಾರವನ್ನು ಕಂಡು ಸಂತೋಷಪಟ್ಟನೆಂಬುದನ್ನು ಮಕ್ಕಳಿಗೆ ತಿಳಿಸಬೇಡವೇ? ಇಂಥ ಹಾರಗಳನ್ನು ತಾವೇ ಪೋಣಿಸಲು ಅವರಿಗೆ ಹೇಳಿರಿ. ಹತ್ತರಲ್ಲಿ ಒಂಬತ್ತು ಮಕ್ಕಳು ೧೧ ಗುಣಿಸು ೧೧, ೧೧೧ ಗುಣಿಸು ೧೧೧ ಎಂದು ತಾವಾಗಿಯೇ ಹೊರಡುವುದನ್ನು ನೋಡುವಿರಿ.

ಗಣಿತವೆಂದೊಡನೆ ಬೆಂಗಳೂರಿನ ಶಕುಂತಲಾದೇವಿಯವರ ಹೆಸರು ನಮ್ಮವರ ಬಾಯಿಗೆ ಬರುವುದುಂಟು. ೧೯೮೦ರ ಜೂನ್ ೧೮ರಂದು ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಅವರು ಇಪ್ಪತ್ತೆಂಟು ಸೆಕೆಂಡುಗಳಲ್ಲಿ ಗುಣಿಸಿದ್ದು ಹೆಮ್ಮೆಯ ವಿಷಯವೇ. ಆದರೆ ಅದನ್ನೇ ಗುರಿಯಾಗಿಟ್ಟು ಮಕ್ಕಳನ್ನು ವೇಗದ ಲೆಕ್ಕದ ತರಗತಿಗಳಿಗೆ ಅಟ್ಟುವವರು, ಅವರು ಬರೆದ ಒಗಟುಗಳ ಪುಸ್ತಕಗಳನ್ನು ಮನೆಗೆ ತಂದರೆ ಹೆಚ್ಚಿನ ಲಾಭವೂ ಕಡಿಮೆಯ ಖರ್ಚೂ ಆದೀತು.

ಹಾಗಾದರೆ ಮಾಡತಕ್ಕದ್ದೇನು? ಪಟಮಟದಲ್ಲಿಯೂ ಅದರಂತೆ ಕನ್ನಡಿಗರ ನಾಲ್ಕು ಮನೆಗಳಿರುವ ಬೇರೆ ಕಡೆಗಳಲ್ಲಿಯೂ ವಾರಕ್ಕೊಂದು ಗಂಟೆ ಮಕ್ಕಳ ಲೆಕ್ಕದ ಕೂಟ ನಡೆಯಬೇಕೆಂದು ನಾವು ಸೂಚಿಸುತ್ತೇವೆ. ಕಟ್ಟಡ ಬೇಡ, ಬಾಡಿಗೆ ಬೇಡ. ಒಬ್ಬರ ಮನೆಯ ಮಹಡಿ ಸಾಕು. ಭಾನುವಾರ ಹೋಟೆಲಿಗೆ ಹೆಚ್ಚಿನ ದಟ್ಟಣೆಯ ದಿನವಾದುದರಿಂದ ಅಂದು ಗುಮಾಸ್ತ ಬಂಧುಗಳು ಹೊಣೆ ಹೊರಲಿ. ವಾರದ ರಜೆ ಸರದಿಯಂತೆ ಬರುವ ಹೋಟೆಲಿನವರು ತಮ್ಮ ಸರದಿಯ ದಿನ ಸಂಜೆ ಬರಲಿ. ಅಲ್ಲಿ ಶಾಲೆಯ ಪಾಠ ಒಪ್ಪಿಸಬೇಕಾಗಿಲ್ಲ, ಅಂಕ ಕೊಡುವುದಂತೂ ಕೂಡದು. ಐದು ಲೀಟರಿನ ಒಂದು, ಮೂರು ಲೀಟರಿನ ಒಂದು, ಇವೆರಡೇ ಪಾತ್ರೆಗಳಿಂದ ನಾಲ್ಕು ಲೀಟರು ನೀರನ್ನು ಅಳೆಯುವುದು ಹೇಗೆಂದು ಒಂದು ಬಕೆಟ್ಟು ನೀರಿಟ್ಟು ಮಕ್ಕಳನ್ನು ಬಿಡಬೇಕು. ನೆಲ ಒದ್ದೆಯಾಗುತ್ತದೆ, ಆಗಲಿ. ಉತ್ತರ ಹೇಳಿಬಿಡುವ ಚಪಲವನ್ನು ಹಿರಿಯರು ತಡೆದುಕೊಳ್ಳುವುದೇ ಈ ಕೂಟದ ಅತ್ಯಂತ ಕಠಿಣವಾದ ನಿಯಮವೆಂದು ನಮಗೆ ತೋರುತ್ತದೆ.

ದೊಡ್ಡ ಮಕ್ಕಳಿದ್ದರೆ ಊರಿನ ನಕಾಶೆ ತೆಗೆಯಲಿ. ವಿಜಯವಾಡದೊಳಗೆ ಏಲೂರು, ರೈವ್ಸ್, ಬಂದರು ಎಂಬ ಮೂರು ಕಾಲುವೆಗಳು ಹರಿಯುತ್ತವೆ. ಅವುಗಳ ಮೇಲಿನ ಸೇತುವೆಗಳನ್ನು ಗುರುತಿಸಿ, ಯಾವ ಸೇತುವೆಯನ್ನೂ ಎರಡನೆಯ ಸಲ ದಾಟದೆ ಎಲ್ಲವನ್ನೂ ಒಂದೊಂದು ಸಲ ದಾಟಿ ಬರಲಾದೀತೇ ಎಂದು ನೋಡಲಿ. ಪ್ರಷ್ಯದ ಕೋನಿಗ್ಸ್‌ಬರ್ಗ್ ಎಂಬ ಊರಿನ ಏಳು ಸೇತುವೆಗಳ ಬಗ್ಗೆ ಇದೇ ಪ್ರಶ್ನೆಯೆದ್ದಾಗ, ಆಯ್ಲರ್ ಎಂಬ ಮಹಾಗಣಿತಜ್ಞನು ೧೭೩೬ರಲ್ಲಿ ಸಾಧ್ಯವಿಲ್ಲವೆಂದು ತೋರಿಸಿ ಗಣಿತದ ಒಂದು ಹೊಸ ಶಾಖೆಗೇ ಬೀಜ ಬಿತ್ತಿದನು. ಬೆಸ ಸಂಖ್ಯೆಯ ಸೇತುವೆಗಳು ಕೂಡುವ ಭೂಭಾಗಗಳು ಎರಡಕ್ಕಿಂತ ಹೆಚ್ಚಿದ್ದರೆ ಅಂಥ ಸಂಚಾರ ಆಗದು. ನಮ್ಮ ಊರಿನ ಸ್ಥಿತಿ ಏನೆಂಬುದನ್ನು ಎಣಿಸಿ ಹೇಳುವ ಕೆಲಸವನ್ನು ಮಕ್ಕಳಿಗೇ ಬಿಡುತ್ತೇವೆ.

ಭಾಷೆಯ ಸಂಗತಿಯೊಂದಿದೆ. ಶಾಲೆಯಲ್ಲಿ ಇಂಗ್ಲಿಷು ಇಲ್ಲವೆ ತೆಲುಗು, ಮನೆಯಲ್ಲಿ ಕನ್ನಡ ಇಲ್ಲವೆ ತುಳು. ಇದರಿಂದ ಮಕ್ಕಳಿಗೆ ಗೊಂದಲವಾಗದೇ ಎಂದು ಕೆಲವರು ಆತಂಕಪಡುತ್ತಾರೆ. ಅಂಥ ಆತಂಕಕ್ಕೆ ನಾವು ಕಾರಣ ಕಾಣೆವು. ಕನ್ನಡದ ಅಂಕಿಗಳೂ ತೆಲುಗಿನ ಅಂಕಿಗಳೂ ಅಕ್ಕತಂಗಿಯರಂತಿವೆ. ಹದಿನಾರನೆಯ ಒಂದು ಪಾಲಿಗೆ ನಾವು ವೀಸವೆನ್ನುತ್ತೇವೆ, ಅವರೂ ವೀಸವೆನ್ನುತ್ತಾರೆ. ೧೯೫೭ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯ ಬರುವ ಮುಂಚೆ ರೂಪಾಯಿಗೆ ಹದಿನಾರು ಆಣೆಗಳಿದ್ದಾಗ ಈ ಕಾಲು, ಅರೆಕಾಲು, ವೀಸಗಳು ಹಳ್ಳಿಯ ಮಕ್ಕಳಿಗೂ ಬಾಯಿಪಾಠವಾಗಿದ್ದವು. ಅಜ್ಜಿಯರಿರುವ ಮನೆಗಳಲ್ಲಿ ಮುಕ್ಕಾಲಿನ ಮಗ್ಗಿಯನ್ನು ಒಮ್ಮೆ ಹೇಳಿಸಿರಿ. ಮೊದಲು ಹೇಳಿದ ಬಾಲಿಕೆಯ ೦.೭೫ರ ಚುಕ್ಕಿ ತನ್ನ ಸ್ಥಾನಕ್ಕೆ ಬಂದು ಕುಳಿತುಕೊಳ್ಳುತ್ತದೆ.

ಕರ್ನಾಟಕದಲ್ಲಿ ಈ ದಿಕ್ಕಿನ ಪ್ರಯತ್ನಗಳು ನಡೆದೇ ಇವೆ. ಅಲ್ಲಿನ ಶಾಲೆಗಳಲ್ಲಿ ಮೆಟ್ರಿಕ್ ಮೇಳವೆಂದೂ ಮಕ್ಕಳ ಸಂತೆಯೆಂದೂ ಅಂಗಳದಲ್ಲಿ ಸೊಪ್ಪು ತರಕಾರಿಗಳನ್ನು ಹರಡಿ ಮಕ್ಕಳೇ ತೂಗಿ, ಮಾರಿ, ಚಿಲ್ಲರೆ ಎಣಿಸುತ್ತಾರೆ. ಬೆಂಗಳೂರಿನ ಅಕ್ಷರ ಫೌಂಡೇಷನ್ನಿನವರು ‘ಗಣಿತ ಕಲಿಕಾ ಆಂದೋಲನ’ದ ಮೂಲಕ ಸರ್ಕಾರಿ ಶಾಲೆಗಳಿಗೆ ಕೈಯಲ್ಲಿ ಹಿಡಿದು ಕಲಿಯುವ ಸಾಮಗ್ರಿಗಳನ್ನು ಮುಟ್ಟಿಸಿದ್ದಲ್ಲದೆ, ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಕ್ಕಳ ಗಣಿತ ಸ್ಪರ್ಧೆಗಳನ್ನು ನಡೆಸಿದರು. ಮಗುವಿನ ಲೆಕ್ಕ ಊರ ಹತ್ತು ಜನರ ಮುಂದೆ ನಡೆಯುವ ಕಾರ್ಯವಾಯಿತು. ತಂದೆತಾಯಿಗಳು ಬಂದು ನಿಂತು ನೋಡಿದರು. ಹೊರನಾಡಿನಲ್ಲಿರುವ ನಮಗೆ ಪಂಚಾಯಿತಿ ಇಲ್ಲದಿದ್ದರೇನು, ರಾಜ್ಯೋತ್ಸವ ಉಂಟು, ಗಣೇಶೋತ್ಸವ ಉಂಟು. ಪ್ರತಿವರ್ಷ ಅದೇ ಸಂಗೀತ ಕುರ್ಚಿ, ಅದೇ ಲಿಂಬೆಹಣ್ಣು ಚಮಚ! ಒಂದು ಮೂಲೆಯಲ್ಲಿ ತಕ್ಕಡಿಯನ್ನೂ ಒಗಟುಗಳನ್ನೂ ಇಟ್ಟರೆ ವ್ಯವಸ್ಥಾಪಕರಿಗೆ ಏನು ನಷ್ಟ?

ಈ ಹಾದಿಯಲ್ಲಿ ಬಹುದೂರ ಹೋಗಬಯಸುವ ಮಗುವಿಗೆ ಒಲಿಂಪಿಯಾಡ್ ಇದೆಯೆಂಬುದನ್ನು ನಮ್ಮವರಲ್ಲಿ ಅನೇಕರು ಅರಿಯರು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿಗೆ ಭಾರತವು ೧೯೮೯ರಿಂದ ವಿದ್ಯಾರ್ಥಿಗಳನ್ನು ಕಳುಹಿಸುತ್ತಿದೆ. ೧೯೯೬ರಲ್ಲಿ ಅದು ಮುಂಬಯಿಯಲ್ಲಿಯೇ ನಡೆಯಿತು. ಈಗಿನ ಮೊದಲ ಹಂತದ ಪರೀಕ್ಷೆಯಲ್ಲಿ ಮೂರು ಗಂಟೆಗಳಿಗೆ ಮೂವತ್ತೇ ಪ್ರಶ್ನೆಗಳು. ಎಂದರೆ ಒಂದು ಪ್ರಶ್ನೆಗೆ ಆರು ನಿಮಿಷ. ಯೋಚಿಸಲು ಕೊಟ್ಟ ಸಮಯವದು. ಕಾಲೇಜಿನ ಮೇಲ್ಗಣಿತವೇನೂ ಬೇಕಾಗಿಲ್ಲ, ಸಂಖ್ಯೆ, ರೇಖಾಗಣಿತ, ಎಣಿಕೆಯ ಉಪಾಯಗಳು ಸಾಕು. ಈ ಮಾರ್ಗದಲ್ಲಿ ದೇಶದ ಮಕ್ಕಳನ್ನು ತರಬೇತುಗೊಳಿಸಿದವರಲ್ಲಿ ಬೆಂಗಳೂರಿನ ಸಿ. ಆರ್. ಪ್ರಾಣೇಶಾಚಾರ್, ಬಿ. ಜೆ. ವೆಂಕಟಾಚಲ, ಸಿ. ಎಸ್. ಯೋಗಾನಂದರ ಹೆಸರುಗಳು ಪ್ರಮುಖವಾಗಿವೆ. ಅವರು ಸಿದ್ಧಪಡಿಸಿದ ಸಮಸ್ಯೆಗಳ ಪುಸ್ತಕಗಳನ್ನು ದೇಶದ ಎಲ್ಲೆಡೆ ಮಕ್ಕಳು ಓದಿದ್ದಾರೆ. ಆದರೆ ಒಲಿಂಪಿಯಾಡನ್ನೂ ಇನ್ನೊಂದು ರ‍್ಯಾಂಕಿನ ಹುಚ್ಚಾಗಿ ಮಾಡಿಕೊಳ್ಳುವುದು ಸಲ್ಲದು. ಹಾಗೆ ಮಾಡುವುದಾದರೆ ತಿಳಿಯದೆ ಇರುವುದೇ ಮೇಲು.

ನಮ್ಮಂಥ ಬಡವರ ಮಕ್ಕಳಿಗೆ ಇದೆಲ್ಲ ಎಟಕುವುದೇ ಎಂಬ ಪ್ರಶ್ನೆಯನ್ನು ನಾವು ಬಲ್ಲೆವು. ಶ್ರೀನಿವಾಸ ರಾಮಾನುಜನ್ ಅವರ ತಂದೆ ಕುಂಭಕೋಣದ ಬಟ್ಟೆಯಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಸ್ವತಃ ರಾಮಾನುಜನ್ ೧೯೧೨ರಲ್ಲಿ ಮದರಾಸಿನ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ ಮೂವತ್ತು ರೂಪಾಯಿ ಸಂಬಳದ ಲೆಕ್ಕಪತ್ರದ ಗುಮಾಸ್ತರಾಗಿ ಸೇರಿ, ಅಲ್ಲಿದ್ದಾಗಲೇ ೧೯೧೩ರ ಜನವರಿಯಲ್ಲಿ ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಕಾಗದ ಬರೆದರು. ಅವರಂಥವರು ಶತಮಾನಕ್ಕೊಬ್ಬರೆಂಬುದು ನಿಜ. ನಮ್ಮ ಮಕ್ಕಳೆಲ್ಲ ರಾಮಾನುಜರಾಗುವುದೂ ಇಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ನಿದ್ದೆಗಣ್ಣಿನಲ್ಲಿ ಓದಿ ಮುಂದೆ ಬಂದ ಒಂದು ಪೀಳಿಗೆಯೇ ನಮ್ಮಲ್ಲಿ ಇತ್ತು. ಎಟಕುವುದೇ ಎಂದು ಕೇಳುತ್ತ ಕುಳಿತಿದ್ದರೆ ಅವರು ಶಾಲೆಯ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ.

ಪತ್ರಿಕೆಯವರಾದ ನಾವು ಕೈಕಟ್ಟಿ ಕುಳಿತು ಉಪದೇಶ ಮಾಡುವುದು ಉಚಿತವಲ್ಲ. ಹಂಗೇರಿ ದೇಶದಲ್ಲಿ ೧೮೯೪ರಿಂದ ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಮಾಸಪತ್ರಿಕೆ ಪ್ರತಿ ತಿಂಗಳು ಸಮಸ್ಯೆಗಳನ್ನು ಕೊಟ್ಟು, ಬಿಡಿಸಿ ಕಳುಹಿಸಿದ ಮಕ್ಕಳ ಹೆಸರುಗಳನ್ನು ಅಚ್ಚುಮಾಡುತ್ತ ಬಂದಿತು. ಆ ದೇಶದ ಹೆಸರಾಂತ ಗಣಿತಜ್ಞರಲ್ಲಿ ಹಲವರು ಬಾಲ್ಯದಲ್ಲಿ ಅದಕ್ಕೆ ಉತ್ತರ ಬರೆದವರು. ಅಷ್ಟು ದೊಡ್ಡ ಕಾರ್ಯ ನಮ್ಮ ಶಕ್ತಿಗೆ ಮೀರಿದುದಾದರೂ, ವಾರಕ್ಕೊಂದು ಸಮಸ್ಯೆಗೆ ಈ ಪುಟದಲ್ಲಿ ಸ್ಥಳ ಬಿಡಲು ನಾವು ಸಿದ್ಧರಿದ್ದೇವೆ. ಉತ್ತರ ಕಳುಹಿಸುವ ಮಕ್ಕಳು ಬರಿಯ ಉತ್ತರವನ್ನಲ್ಲದೆ ಅದಕ್ಕೆ ಬಂದ ದಾರಿಯನ್ನೂ ಕನ್ನಡದಲ್ಲಿ ಬರೆಯತಕ್ಕದ್ದು. ಕನ್ನಡ ಅಕ್ಷರ ಬಾರದವರು ತಂದೆತಾಯಿಗಳಿಂದ ಬರೆಯಿಸಬಹುದು. ತಪ್ಪು ದಾರಿಯಲ್ಲಿ ಹೋಗಿ ಹಿಂದಿರುಗಿದ್ದನ್ನು ಬರೆದರೂ ಸಂತೋಷದಿಂದ ಪ್ರಕಟಿಸುತ್ತೇವೆ.

ಮೊದಲನೆಯ ಸಮಸ್ಯೆಯನ್ನು ಇಲ್ಲಿಯೇ ಕೊಡುತ್ತೇವೆ. ಹೋಟೆಲಿನ ಉಗ್ರಾಣದಲ್ಲಿ ಒಂದು ತಕ್ಕಡಿ ಇದೆ. ತೂಕದ ಕಲ್ಲುಗಳು ನಾಲ್ಕೇ: ಒಂದು ಕಿಲೋ, ಮೂರು ಕಿಲೋ, ಒಂಬತ್ತು ಕಿಲೋ, ಇಪ್ಪತ್ತೇಳು ಕಿಲೋ. ಅಕ್ಕಿಯ ತಟ್ಟೆಯಲ್ಲಿಯೂ ಕಲ್ಲನ್ನು ಇಡಬಹುದು. ಒಂದೇ ಸಲದ ತೂಕದಲ್ಲಿ ಇಪ್ಪತ್ತೈದು ಕಿಲೋ ಅಕ್ಕಿಯನ್ನು ತೂಗುವುದು ಹೇಗೆ? ಒಂದರಿಂದ ನಲವತ್ತರ ವರೆಗೆ ಈ ಕಲ್ಲುಗಳಿಂದ ತೂಗಲಾರದ ಪೂರ್ಣ ಕಿಲೋ ಯಾವುದಾದರೂ ಇದೆಯೇ? ಇಲ್ಲವೆನ್ನುವವರು ಕಾರಣವನ್ನು ಬರೆಯಬೇಕು.